ಅಸಿಸ್ಟೆಡ್ ಲಿವಿಂಗ್‌ನಲ್ಲಿ ಸಿಬ್ಬಂದಿ ಕೊರತೆ ಮತ್ತು ಆರೈಕೆಯ ಲೋಪ: ಕ್ಯಾಲಿಫೋರ್ನಿಯಾದಲ್ಲಿ ದೂರು, ತನಿಖೆಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ತಂದೆತಾಯಿಯರನ್ನು ಕ್ಯಾಲಿಫೋರ್ನಿಯಾದ ಅಸಿಸ್ಟೆಡ್ ಲಿವಿಂಗ್‌ನಲ್ಲಿ, ಅಂದರೆ ದಿನನಿತ್ಯದ ಕೆಲಸಗಳಿಗೆ ನೆರವು ಕೊಡುವ ಹಿರಿಯರ ವಸತಿಗಳಲ್ಲಿ, ಇರಿಸಿರುವ ಕನ್ನಡ ಕುಟುಂಬಗಳು ಅಲ್ಲಿನ ಆರೈಕೆಯ ಬಗ್ಗೆ ಅನುಮಾನ ಬಂದಾಗ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ನರ್ಸಿಂಗ್ ಹೋಮ್‌ಗಳಿಗೆ ಇರುವಂಥ ಫೆಡರಲ್ ನಿಯಮಾವಳಿ ಅಸಿಸ್ಟೆಡ್ ಲಿವಿಂಗ್‌ಗೆ ಇಲ್ಲ. ಪ್ರತಿಯೊಂದು ರಾಜ್ಯವೂ ತನ್ನದೇ ಕಾನೂನು ಮಾಡಿಕೊಂಡಿದೆ. ಆದ್ದರಿಂದ ಟೆಕ್ಸಾಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಇರುವವರು ಈ ಉತ್ತರಗಳನ್ನು ತಮ್ಮ ರಾಜ್ಯಕ್ಕೆ ಹಾಗೆಯೇ ಅನ್ವಯಿಸಿಕೊಳ್ಳಬಾರದು.

ದೂರು ಕೊಡಬೇಕಾದದ್ದು ಯಾವ ಇಲಾಖೆಗೆ?

ಮೊದಲು ನಿಮ್ಮ ಹಿರಿಯರು ಇರುವ ಜಾಗಕ್ಕೆ ಯಾವ ಲೈಸೆನ್ಸ್ ಇದೆ ಎಂಬುದನ್ನು ತಿಳಿದುಕೊಳ್ಳಬೇಕು. ಹೊರಗಿನ ಫಲಕದಲ್ಲಿ ‘ಸೀನಿಯರ್ ಲಿವಿಂಗ್’ ಎಂದಿರಲಿ, ‘ಮೆಮೊರಿ ಕೇರ್’ ಎಂದಿರಲಿ, ಊಟ, ಸ್ನಾನ, ಬಟ್ಟೆ, ಮಾತ್ರೆ ಇಂಥವುಗಳಿಗೆ ನೆರವು ನೀಡುವ ಮನೆಗಳು ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ‘ರೆಸಿಡೆನ್ಶಿಯಲ್ ಕೇರ್ ಫೆಸಿಲಿಟಿ ಫಾರ್ ದಿ ಎಲ್ಡರ್ಲಿ’, ಅಂದರೆ ಆರ್‌ಸಿಎಫ್‌ಇ, ಎಂಬ ವರ್ಗಕ್ಕೆ ಸೇರುತ್ತವೆ. ಇವುಗಳಿಗೆ ಲೈಸೆನ್ಸ್ ಕೊಡುವುದೂ ಇವುಗಳ ಮೇಲಿನ ದೂರುಗಳನ್ನು ತನಿಖೆ ಮಾಡುವುದೂ ರಾಜ್ಯದ ಸಮಾಜ ಸೇವಾ ಇಲಾಖೆಯ ಕಮ್ಯುನಿಟಿ ಕೇರ್ ಲೈಸೆನ್ಸಿಂಗ್ ವಿಭಾಗ. ದಿನವಿಡೀ ನರ್ಸ್‌ಗಳಿರುವ ಸ್ಕಿಲ್ಡ್ ನರ್ಸಿಂಗ್ ಫೆಸಿಲಿಟಿಗಳು ಮಾತ್ರ ಸಾರ್ವಜನಿಕ ಆರೋಗ್ಯ ಇಲಾಖೆಯ ಅಧೀನದಲ್ಲಿವೆ. ಒಂದೇ ಆವರಣದಲ್ಲಿ ಎರಡೂ ಬಗೆಯ ಕಟ್ಟಡಗಳು ಇರುವುದುಂಟು. ಅಂಥ ಕಡೆ ನಿಮ್ಮ ತಂದೆ ಮಲಗುವ ಹಾಸಿಗೆ ಯಾವ ಲೈಸೆನ್ಸಿನ ಕೆಳಗೆ ಬರುತ್ತದೆ ಎಂದು ಕೇಳಿ ತಿಳಿಯದಿದ್ದರೆ ದೂರು ತಪ್ಪು ಕಚೇರಿಗೆ ಹೋಗಿ ಸಮಯ ವ್ಯರ್ಥವಾಗುತ್ತದೆ.

ಕ್ಯಾಲಿಫೋರ್ನಿಯಾದ ಆರ್‌ಸಿಎಫ್‌ಇಗಳಲ್ಲಿ ಹೆಚ್ಚಿನವು ದೊಡ್ಡ ಕಟ್ಟಡಗಳಲ್ಲ, ವಸತಿ ಬೀದಿಗಳಲ್ಲಿರುವ ಆರು ಹಾಸಿಗೆಯ ಸಾಮಾನ್ಯ ಮನೆಗಳು. ಅವುಗಳಿಗೂ ಇದೇ ಲೈಸೆನ್ಸ್, ಇದೇ ತನಿಖೆ.

ಇಷ್ಟು ಹಿರಿಯರಿಗೆ ಇಷ್ಟು ಮಂದಿ ಸಿಬ್ಬಂದಿ ಇರಲೇಬೇಕು ಎಂಬ ಲೆಕ್ಕ ಕಾನೂನಿನಲ್ಲಿ ಇದೆಯೇ?

ಹಗಲಿನ ಪಾಳಿಗೆ ಅಂಥ ಲೆಕ್ಕ ಇಲ್ಲ. ಬಹುತೇಕ ಕುಟುಂಬಗಳು ಎಡವುವುದು ಇಲ್ಲಿಯೇ. ‘ಇಪ್ಪತ್ತು ಜನರಿಗೆ ಇಬ್ಬರೇ ಕೇರ್‌ಗಿವರ್‌ಗಳು’ ಎಂದು ಬರೆದು ಕಳಿಸಿದರೆ ಅದರಿಂದಲೇ ನಿಯಮ ಉಲ್ಲಂಘನೆ ಆಯಿತು ಎಂದು ಅವರು ಭಾವಿಸುತ್ತಾರೆ. ರಾಜ್ಯದ ನಿಯಮಾವಳಿಯ ಟೈಟಲ್ 22ರ 87411ನೇ ವಿಧಿ ಹೇಳುವುದು ಬೇರೆ: ನಿವಾಸಿಗಳ ಅಗತ್ಯಗಳನ್ನು ಪೂರೈಸುವುದಕ್ಕೆ ಸಾಕಾಗುವಷ್ಟು ಸಂಖ್ಯೆಯ, ಆ ಕೆಲಸಕ್ಕೆ ಸಮರ್ಥರಾದ ಸಿಬ್ಬಂದಿ ಎಲ್ಲ ಹೊತ್ತಿನಲ್ಲಿಯೂ ಇರಬೇಕು ಎಂಬುದಷ್ಟೇ ಅದರ ತಾತ್ಪರ್ಯ. ಓಡಾಡಿಕೊಂಡಿರುವ ಇಪ್ಪತ್ತು ಮಂದಿಗೆ ಇಬ್ಬರು ಸಾಕಾಗಬಹುದು. ಅವರಲ್ಲಿ ಎಂಟು ಮಂದಿಯನ್ನು ಹಾಸಿಗೆಯಿಂದ ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸಲು ತಲಾ ಇಬ್ಬರು ಬೇಕಾದರೆ ನಾಲ್ವರೂ ಸಾಲುವುದಿಲ್ಲ.

ರಾತ್ರಿಗೆ ಮಾತ್ರ ಸಂಖ್ಯೆಗಳಿವೆ. ಹದಿನೈದು ಅಥವಾ ಅದಕ್ಕಿಂತ ಕಡಿಮೆ ನಿವಾಸಿಗಳಿರುವ ಮನೆಯಲ್ಲಿ ಅರ್ಹರಾದ ಒಬ್ಬರು ಕರೆದರೆ ಏಳುವಂತೆ ಮನೆಯಲ್ಲಿಯೇ ಇರಬೇಕು. ಸಾಮಾನ್ಯವಾಗಿ ಅವರು ಮಲಗಿದ್ದರೆ ತಪ್ಪಲ್ಲ. 16ರಿಂದ 100 ನಿವಾಸಿಗಳಿದ್ದರೆ ಕನಿಷ್ಠ ಒಬ್ಬರು ಎಚ್ಚರವಾಗಿ ಕರ್ತವ್ಯದಲ್ಲಿರಬೇಕು, ಇನ್ನೊಬ್ಬರು ಹತ್ತು ನಿಮಿಷದೊಳಗೆ ಬಂದು ತಲುಪುವಂತಿರಬೇಕು. 101ರಿಂದ 200 ಇದ್ದರೆ ಇವರಿಬ್ಬರಲ್ಲದೆ ಮತ್ತೊಬ್ಬರು ಕರೆಗೆ ಸಿಗುವಂತೆ ಆವರಣದಲ್ಲಿಯೇ ಇರಬೇಕು. ಇದು ಕನಿಷ್ಠ ಮಿತಿ. ತೊಂಬತ್ತು ಹಿರಿಯರಿಗೆ ರಾತ್ರಿ ಎಚ್ಚರವಾಗಿರುವವರು ಒಬ್ಬರೇ ಆಗಿದ್ದರೂ ಈ ವಿಧಿಯ ಪ್ರಕಾರ ಸರಿ ಎನಿಸಿಕೊಳ್ಳಬಹುದಾದ್ದರಿಂದ, ಕನಿಷ್ಠ ಮಿತಿ ಪಾಲಿಸಿದ್ದೇವೆ ಎಂಬ ಮ್ಯಾನೇಜರರ ಉತ್ತರಕ್ಕೆ ಸುಮ್ಮನಾಗಬೇಕಿಲ್ಲ: ‘ಅಗತ್ಯಕ್ಕೆ ಸಾಕಾಗುವಷ್ಟು’ ಎಂಬ ಮೊದಲಿನ ನಿಯಮ ರಾತ್ರಿಗೂ ಅನ್ವಯಿಸುತ್ತದೆ. ನಿರ್ದಿಷ್ಟ ನಿವಾಸಿಗಳ ಅಗತ್ಯಕ್ಕೆ ಹೆಚ್ಚಿನ ಸಿಬ್ಬಂದಿ ಬೇಕು ಎಂದು ದಾಖಲೆಗಳ ಆಧಾರದ ಮೇಲೆ ಕಂಡುಬಂದರೆ ಅವರನ್ನು ನೇಮಿಸುವಂತೆ ಆದೇಶಿಸುವ ಅಧಿಕಾರವೂ ಇಲಾಖೆಗೆ ಇದೆ.

ಹಾಗಿದ್ದರೆ ಸಿಬ್ಬಂದಿ ಸಾಲದು ಎಂಬುದನ್ನು ತೋರಿಸುವುದು ಹೇಗೆ?

ತಲೆ ಎಣಿಸುವುದರಿಂದಲ್ಲ, ತಪ್ಪಿಹೋದ ಕೆಲಸವನ್ನು ತೋರಿಸುವುದರಿಂದ. ಆರೈಕೆ ಯೋಜನೆಯಲ್ಲಿ ಬರೆದಿರುವ ಯಾವ ಕೆಲಸ, ಯಾವ ದಿನ, ಎಷ್ಟು ಹೊತ್ತಿಗೆ ಆಗಲಿಲ್ಲ, ಅದರಿಂದ ಏನಾಯಿತು ಎಂಬ ನಾಲ್ಕು ಸಂಗತಿಗಳು ಒಂದಕ್ಕೊಂದು ಕೂಡಿಕೊಂಡಾಗ ಮಾತ್ರ ತನಿಖಾಧಿಕಾರಿಗೆ ಪರಿಶೀಲಿಸುವುದಕ್ಕೆ ಏನಾದರೂ ಸಿಗುತ್ತದೆ. ಎರಡು ಮಾದರಿಗಳನ್ನು ಹೋಲಿಸಿ ನೋಡಿ.

ಮೊದಲನೆಯದು: ‘ಬೆಳಗಿನ ಹೊತ್ತು ಅಲ್ಲಿ ಯಾರೂ ಇರುವುದಿಲ್ಲ. ಅಮ್ಮನನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ. ತಿಂಗಳಿಗೆ ಇಷ್ಟೊಂದು ಹಣ ತೆಗೆದುಕೊಳ್ಳುತ್ತಾರೆ.’

ಎರಡನೆಯದು: ‘ಮಾರ್ಚ್ 9, ಭಾನುವಾರ, ಬೆಳಿಗ್ಗೆ 7.40ಕ್ಕೆ ನಾನು ಹೋದಾಗ ಅಮ್ಮನ ಡೈಪರ್ ತೊಯ್ದು ಹಾಸಿಗೆ, ಹೊದಿಕೆ ಎಲ್ಲ ಒದ್ದೆಯಾಗಿದ್ದವು. ಆರೈಕೆ ಯೋಜನೆಯ ಪ್ರಕಾರ ರಾತ್ರಿ ಎರಡು ಗಂಟೆಗೊಮ್ಮೆ ಬಂದು ನೋಡಬೇಕು. 7.42ಕ್ಕೆ ಕಾಲ್ ಬೆಲ್ ಒತ್ತಿದೆ. 8.25ಕ್ಕೆ ಒಬ್ಬ ಕೇರ್‌ಗಿವರ್ ಬಂದರು. ಇಬ್ಬರು ರಜೆ ಹಾಕಿದ್ದರಿಂದ ಎರಡನೆಯ ಮಹಡಿಗೆಲ್ಲ ತಾನೊಬ್ಬಳೇ ಎಂದು ಅವರು ಹೇಳಿದರು. ಹಿಂದಿನ ಭಾನುವಾರವೂ ಹೀಗೆಯೇ ಆಗಿತ್ತು.’

ಮೊದಲನೆಯದು ನಿಜವೇ ಇರಬಹುದು, ಆದರೆ ಅದನ್ನು ಹಿಡಿದುಕೊಂಡು ಅಧಿಕಾರಿ ಯಾವ ಕಾಗದವನ್ನು ತೆರೆಯಬೇಕು? ಎರಡನೆಯದು ಮಾರ್ಚ್ 9ರ ಶಿಫ್ಟ್ ಪಟ್ಟಿಯನ್ನು, ಆ ಬೆಳಗಿನ ಪಂಚ್ ದಾಖಲೆಯನ್ನು, 7.42ರ ಬೆಲ್ ದಾಖಲೆಯನ್ನು ತಾನಾಗಿಯೇ ತೆರೆಸುತ್ತದೆ. ಎರಡು ಭಾನುವಾರಗಳ ಉಲ್ಲೇಖವಂತೂ ವಾರಾಂತ್ಯದ ಪಾಳಿಗಳನ್ನೆಲ್ಲ ನೋಡುವಂತೆ ಮಾಡುತ್ತದೆ. ಸಿಟ್ಟು ನ್ಯಾಯವಾದದ್ದೇ ಆದರೂ ಅದನ್ನು ದೂರಿನಿಂದ ಹೊರಗಿಡುವುದು ಒಳ್ಳೆಯದು.

ಇದಕ್ಕಾಗಿ ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಿ. ಭೇಟಿ ಕೊಟ್ಟ ಹೊತ್ತು, ಕಂಡದ್ದು, ಮಾತಾಡಿದವರ ಹೆಸರು, ಅವರು ಹೇಳಿದ್ದು, ಇವನ್ನು ಅಂದೇ ಬರೆದಿಡಬೇಕು. ಕನ್ನಡದಲ್ಲಿ ಬರೆದರೂ ಅಡ್ಡಿಯಿಲ್ಲ. ಬೇಕಾದಾಗ ಅನುವಾದ ಮಾಡಿಕೊಡಬಹುದು. ಪ್ರತಿದಿನ ಮಧ್ಯಾಹ್ನ ಹೋಗುವವರು ಒಮ್ಮೊಮ್ಮೆ ರಾತ್ರಿ ಊಟದ ನಂತರ ಅಥವಾ ಭಾನುವಾರ ಮುಂಜಾನೆ ಹೋಗಿ ನೋಡಬೇಕು, ಏಕೆಂದರೆ ಆಡಳಿತದವರೆಲ್ಲ ಹಾಜರಿರುವ ಮಂಗಳವಾರದ ಹನ್ನೊಂದು ಗಂಟೆಗೆ ಯಾವ ಮನೆಯೂ ಅಚ್ಚುಕಟ್ಟಾಗಿಯೇ ಕಾಣುತ್ತದೆ.

ಆರೈಕೆ ಯೋಜನೆ, ಮಾತ್ರೆಗಳ ದಾಖಲೆ ಇವುಗಳ ಪ್ರತಿಯನ್ನು ನಾವು ಕೇಳಬಹುದೇ?

ಕೇಳಬಹುದು. ತಮ್ಮ ದಾಖಲೆಗಳನ್ನು ತಡವಿಲ್ಲದೆ ನೋಡುವ, ಎರಡು ಕೆಲಸದ ದಿನಗಳೊಳಗೆ ಹಣ ಕೊಟ್ಟು ಅವುಗಳ ಪ್ರತಿ ಪಡೆಯುವ ಹಕ್ಕು ನಿವಾಸಿಗಳಿಗೆ ಇದೆ. ಅವರ ಪರವಾಗಿ ಕೇಳುವವರು ಪವರ್ ಆಫ್ ಅಟಾರ್ನಿಯಂಥ ಅಧಿಕಾರಪತ್ರವನ್ನು ಕೈಯಲ್ಲಿಟ್ಟುಕೊಂಡಿರಬೇಕು. ದೂರು ಕೊಡುವ ಮೊದಲೇ ಪ್ರತಿಗಳನ್ನು ಪಡೆದುಕೊಳ್ಳುವುದು ಜಾಣತನ. ಸೇರಿಸಿಕೊಳ್ಳುವಾಗ ವೈದ್ಯರು ಕೊಟ್ಟ ವರದಿ, ಮನೆಯವರು (ಇಲ್ಲಿ ಎಲ್ಲ ಕಡೆಯೂ ಆ ಆರೈಕೆಯ ಮನೆಯನ್ನು ನಡೆಸುವವರು) ಮಾಡಿದ ಅಗತ್ಯಗಳ ಅಂದಾಜು ಮತ್ತು ಅದರ ಮರುಅಂದಾಜುಗಳು, ಒಪ್ಪಂದಪತ್ರ, ಈ ಮೂರನ್ನು ಅಕ್ಕಪಕ್ಕ ಇಟ್ಟು ಓದಿ. ‘ಲೆವೆಲ್ 3 ಕೇರ್’ ಎಂದು ಹೆಚ್ಚಿನ ಶುಲ್ಕ ಹಾಕುತ್ತಿದ್ದು, ಆ ಮಟ್ಟಕ್ಕೆ ಒಪ್ಪಂದದಲ್ಲಿ ಬರೆದಿರುವ ಸ್ನಾನವೋ ನಡೆಸುವುದೋ ಆಗುತ್ತಿಲ್ಲ ಎಂದಾದರೆ ಅದು ಸಿಬ್ಬಂದಿಯ ದೂರೂ ಹೌದು, ಹಣದ ದೂರೂ ಹೌದು.

ಮೊದಲು ಅಲ್ಲಿನ ಆಡಳಿತದೊಂದಿಗೆ ಮಾತನಾಡಲೇಬೇಕೇ?

ಕಡ್ಡಾಯವಲ್ಲ. ಸಣ್ಣ ಲೋಪಗಳು ಅಡ್ಮಿನಿಸ್ಟ್ರೇಟರ್ ಜೊತೆಗಿನ ಮಾತಿನಲ್ಲಿಯೇ ಸರಿಹೋಗುತ್ತವೆ. ಮಾತಾದ ಮೇಲೆ ಅದರ ಸಾರಾಂಶವನ್ನು ಈಮೇಲ್‌ನಲ್ಲಿ ಕಳಿಸಿದರೆ ದಾಖಲೆ ಉಳಿಯುತ್ತದೆ. ಕುಟುಂಬಗಳು ಸೇರಿ ಫ್ಯಾಮಿಲಿ ಕೌನ್ಸಿಲ್ ಮಾಡಿಕೊಂಡು ಬರವಣಿಗೆಯಲ್ಲಿ ಕೇಳಿದರೆ ಆಡಳಿತ 14 ದಿನಗಳೊಳಗೆ ಬರವಣಿಗೆಯಲ್ಲಿಯೇ ಉತ್ತರಿಸಬೇಕೆಂಬ ನಿಯಮವಿದೆ. ಪೆಟ್ಟು, ಬೀಳುವಿಕೆ, ಹಾಸಿಗೆ ಹುಣ್ಣು, ತಪ್ಪು ಔಷಧ ಇವುಗಳ ವಿಷಯದಲ್ಲಿ ಮಾತ್ರ ಕಾಯಬಾರದು.

ದೂರು ಕೊಡುವುದು ಎಲ್ಲಿ? ಬೆಂಗಳೂರಿನಲ್ಲಿರುವ ಅಕ್ಕ ಅಲ್ಲಿಂದಲೇ ಕೊಡಬಹುದೇ?

ಲೈಸೆನ್ಸಿಂಗ್ ವಿಭಾಗದ ದೂರವಾಣಿ ಸಂಖ್ಯೆ 1-844-538-8766. ಇಲಾಖೆಯ ವೆಬ್‌ಸೈಟ್ ಮತ್ತು ಈಮೇಲ್ ಮೂಲಕವೂ ಕೊಡಬಹುದು. ದೂರು ಎಲ್ಲಿಗೆ ಕೊಡಬೇಕೆಂದು ತಿಳಿಸುವ ದೊಡ್ಡ ಪೋಸ್ಟರನ್ನು ಪ್ರತಿಯೊಂದು ಮನೆಯೂ ಪ್ರವೇಶದ್ವಾರದಲ್ಲಿ ಕಾಣುವಂತೆ ಹಾಕಿರಬೇಕು. ಅದು ಅಲ್ಲಿ ಇಲ್ಲದಿದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ. ನಿವಾಸಿ, ಮಕ್ಕಳು, ಸ್ನೇಹಿತರು, ಅಲ್ಲಿಯೇ ಕೆಲಸ ಮಾಡುವವರು, ಯಾರು ಬೇಕಾದರೂ ದೂರು ಕೊಡಬಹುದು. ಅಮ್ಮನೊಂದಿಗೆ ದಿನವೂ ವಿಡಿಯೊ ಕರೆಯಲ್ಲಿ ಮಾತಾಡುವ ಅಕ್ಕ ಬೆಂಗಳೂರಿನಲ್ಲಿದ್ದರೂ ಪರದೆಯ ಮೇಲೆ ತಾನು ಕಂಡದ್ದನ್ನು ಹೇಳಬಹುದು: ಸಂಜೆ ನಾಲ್ಕಕ್ಕೂ ರಾತ್ರಿಯುಡುಪಿನಲ್ಲಿಯೇ ಇದ್ದರು, ಮುಟ್ಟದ ಊಟದ ತಟ್ಟೆ ಪಕ್ಕದಲ್ಲಿಯೇ ಇತ್ತು, ಎಂಬಂಥ ಸಂಗತಿಗಳು. ಕರೆ ಮಾಡಿದ ಹೊತ್ತನ್ನು ಕ್ಯಾಲಿಫೋರ್ನಿಯಾ ಸಮಯಕ್ಕೆ ಬದಲಿಸಿ ಬರೆಯುವುದನ್ನು ಮರೆಯಬಾರದು.

ದೂರು ಕೊಟ್ಟವರ ಹೆಸರನ್ನು ಅವರು ಒಪ್ಪದ ಹೊರತು ಇಲಾಖೆ ಆ ಮನೆಯವರಿಗೆ ತಿಳಿಸುವುದಿಲ್ಲ. ಹೆಸರೇ ಹೇಳದೆಯೂ ದೂರು ಕೊಡಬಹುದಾದರೂ ಹಾಗೆ ಮಾಡಿದರೆ ಅಧಿಕಾರಿ ನಿಮ್ಮನ್ನು ಮರಳಿ ಕೇಳಲಾಗದು, ಫಲಿತಾಂಶವೂ ನಿಮಗೆ ಬರುವುದಿಲ್ಲ. ಇನ್ನೊಂದು ಮಾತನ್ನೂ ಮುಚ್ಚಿಡುವಂತಿಲ್ಲ: ಆರು ಹಾಸಿಗೆಯ ಮನೆಯಲ್ಲಿ ಭಾನುವಾರದ ಒದ್ದೆ ಹೊದಿಕೆಯ ಬಗ್ಗೆ ದೂರು ಬಂದರೆ ಅದು ಯಾರದ್ದೆಂದು ಊಹಿಸುವುದು ಮನೆಯವರಿಗೆ ಕಷ್ಟವಾಗದು.

ದೂರು ದಾಖಲಾದ ಮೇಲೆ ಏನಾಗುತ್ತದೆ?

ದೂರು ಬಂದ ಹತ್ತು ದಿನಗಳೊಳಗೆ ಅಧಿಕಾರಿ ಸ್ಥಳಕ್ಕೆ ಹೋಗಿ ನೋಡಬೇಕೆಂದು ರಾಜ್ಯದ ಆರೋಗ್ಯ ಮತ್ತು ಸುರಕ್ಷತಾ ಸಂಹಿತೆ ಹೇಳುತ್ತದೆ. ಕಿರುಕುಳ ಕೊಡುವ ಉದ್ದೇಶದ, ಬುಡವಿಲ್ಲದ ದೂರು ಎಂದು ಕಂಡರೆ ಅಥವಾ ಆಗಲೇ ಹೋಗುವುದರಿಂದ ತನಿಖೆಗೇ ತೊಂದರೆಯಾಗುವಂತಿದ್ದರೆ ಮಾತ್ರ ಇದಕ್ಕೆ ವಿನಾಯಿತಿ. ಭೇಟಿಯ ಮುನ್ಸೂಚನೆ ಕೊಡುವುದಿಲ್ಲ, ದೂರಿನ ಸಾರವನ್ನೂ ಭೇಟಿಗೆ ಮುಂಚೆ ಮನೆಯವರಿಗೆ ತಿಳಿಸುವುದಿಲ್ಲ. ಈ ಕೆಲಸ ಮಾಡುವವರು ಲೈಸೆನ್ಸಿಂಗ್ ಪ್ರೋಗ್ರಾಂ ಅನಲಿಸ್ಟ್ ಎಂಬ ಅಧಿಕಾರಿಗಳು. ದೈಹಿಕ ಅಥವಾ ಲೈಂಗಿಕ ದೌರ್ಜನ್ಯ, ಅನುಮಾನಾಸ್ಪದ ಸಾವು ಮುಂತಾದ ಗಂಭೀರ ಪ್ರಕರಣಗಳು ಇಲಾಖೆಯದೇ ತನಿಖಾ ಶಾಖೆಗೆ ಹೋಗುತ್ತವೆ.

ಹತ್ತು ದಿನ ಎಂಬುದು ಮೊದಲ ಭೇಟಿಗೆ, ತೀರ್ಮಾನಕ್ಕಲ್ಲ. ತನಿಖೆ ಮುಗಿಯಲು ತಿಂಗಳುಗಳೇ ಹಿಡಿಯಬಹುದು. ಆ ನಡುವೆ ನಿಮ್ಮ ಪ್ರಕರಣದ ಸಂಖ್ಯೆಯನ್ನೂ ಅಧಿಕಾರಿಯ ಹೆಸರನ್ನೂ ಕೇಳಿಟ್ಟುಕೊಂಡು, ಹೊಸ ಘಟನೆಗಳಾದರೆ ಬರವಣಿಗೆಯಲ್ಲಿ ಸೇರಿಸುತ್ತ ಹೋಗಬೇಕು.

ಅಧಿಕಾರಿ ಸ್ಥಳದಲ್ಲಿ ನೋಡುವುದು ಏನನ್ನು?

ಮೊದಲನೆಯದು ಸಿಬ್ಬಂದಿಯ ದಾಖಲೆ. ಗೋಡೆಗೆ ಅಂಟಿಸಿರುವ ಶಿಫ್ಟ್ ಪಟ್ಟಿಯಲ್ಲಿ ಐದು ಹೆಸರು ಇರಬಹುದು. ಅಂದು ನಿಜವಾಗಿ ಪಂಚ್ ಮಾಡಿ ಒಳಬಂದವರು ಮೂವರೇ ಆಗಿರಬಹುದು. ಆದ್ದರಿಂದ ಪಟ್ಟಿಯನ್ನು ಟೈಮ್ ಕಾರ್ಡ್‌ಗಳ ಜೊತೆ, ಸಂಬಳದ ಲೆಕ್ಕದ ಜೊತೆ ತಾಳೆ ನೋಡಬೇಕಾಗುತ್ತದೆ. ಆ ಮೂವರಲ್ಲಿ ಒಬ್ಬರು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರೆ, ಇನ್ನೊಬ್ಬರು ಮಾತ್ರೆ ಹಂಚುವ ಗಾಡಿ ತಳ್ಳಿಕೊಂಡು ಹೋಗುತ್ತಿದ್ದರೆ, ಆರೈಕೆಗೆ ಉಳಿಯುವವರು ಎಷ್ಟು ಮಂದಿ ಎಂಬುದು ಮುಂದಿನ ಪ್ರಶ್ನೆ. ಅಡುಗೆ, ಸ್ವಚ್ಛತೆ, ಬಟ್ಟೆ ಒಗೆಯುವ ಕೆಲಸಗಳಿಗೆ ಬೇಕಾದಷ್ಟು ಹೆಚ್ಚುವರಿ ಜನರನ್ನು ಇಟ್ಟುಕೊಳ್ಳಬೇಕೆಂದು ಅದೇ 87411ನೇ ವಿಧಿ ಹೇಳುವುದರಿಂದ ಈ ಪ್ರಶ್ನೆಗೆ ಕಾನೂನಿನ ಬಲವಿದೆ.

ಎರಡನೆಯದು ಕಾಲ್ ಬೆಲ್. ಹದಿನಾರು ಅಥವಾ ಹೆಚ್ಚು ನಿವಾಸಿಗಳಿರುವ ಕಡೆ ಪ್ರತಿಯೊಂದು ಕೋಣೆಯಿಂದಲೂ ಕರೆಯುವ ವ್ಯವಸ್ಥೆ ಇರಲೇಬೇಕು. ಈಗಿನ ಹಲವು ವ್ಯವಸ್ಥೆಗಳು ಗುಂಡಿ ಒತ್ತಿದ ಕ್ಷಣವನ್ನೂ ಯಾರೋ ಬಂದು ಅದನ್ನು ಆರಿಸಿದ ಕ್ಷಣವನ್ನೂ ಕಂಪ್ಯೂಟರ್‌ನಲ್ಲಿ ದಾಖಲಿಸುತ್ತವೆ. ಸಿಬ್ಬಂದಿಯ ದೂರಿನಲ್ಲಿ ಇದಕ್ಕಿಂತ ನಿಷ್ಪಕ್ಷಪಾತವಾದ ಸಾಕ್ಷಿ ಬೇರೊಂದಿಲ್ಲ ಎಂಬುದು ಈ ಲೇಖಕನ ಅಭಿಪ್ರಾಯ. ಈ ದಾಖಲೆ ಎಷ್ಟು ಕಾಲ ಉಳಿಯುತ್ತದೆ ಎಂಬುದು ಯಂತ್ರವನ್ನು ಅವಲಂಬಿಸಿರುವುದರಿಂದ, ಇಂತಿಂಥ ದಿನಾಂಕಗಳ ಬೆಲ್ ದಾಖಲೆಯನ್ನು ಪಡೆದುಕೊಳ್ಳಿ ಎಂದು ದೂರಿನಲ್ಲಿಯೇ ಸ್ಪಷ್ಟವಾಗಿ ಕೋರಬೇಕು.

ಮೂರನೆಯದು ತರಬೇತಿ. ಆರೈಕೆ ಮಾಡುವ ಹೊಸ ಸಿಬ್ಬಂದಿಗೆ ಒಟ್ಟು 40 ಗಂಟೆಗಳ ತರಬೇತಿ ಕಡ್ಡಾಯ. ಅದರಲ್ಲಿ 20 ಗಂಟೆ ಸ್ವತಂತ್ರವಾಗಿ ಕೆಲಸ ಶುರುಮಾಡುವ ಮೊದಲೇ, ಉಳಿದ 20 ಗಂಟೆ ಮೊದಲ ನಾಲ್ಕು ವಾರಗಳಲ್ಲಿ ಮುಗಿಯಬೇಕು. ಆಮೇಲೆ ವರ್ಷಕ್ಕೆ 20 ಗಂಟೆ. ಮಾತ್ರೆ ಕೊಡಲು ನೆರವಾಗುವವರಿಗೆ ಪ್ರತ್ಯೇಕ ತರಬೇತಿ ಇದೆ: ಹದಿನಾರು ಅಥವಾ ಹೆಚ್ಚು ನಿವಾಸಿಗಳ ಮನೆಗಳಲ್ಲಿ 24 ಗಂಟೆ, ಹದಿನೈದರೊಳಗಿನ ಮನೆಗಳಲ್ಲಿ 10 ಗಂಟೆ. ಸಿಬ್ಬಂದಿ ಬಿಟ್ಟುಹೋದ ಮನೆಗಳಲ್ಲಿ ನಿನ್ನೆ ಸೇರಿದವರು ಇಂದು ಒಬ್ಬರೇ ಪಾಳಿ ನೋಡುವುದುಂಟು; ಅಂಥ ಕಡೆ ತಲೆಯೆಣಿಕೆ ಸರಿಯಿದ್ದರೂ ‘ಸಮರ್ಥರಾದ’ ಎಂಬ ಮಾತು ಸುಳ್ಳಾಗುತ್ತದೆ.

ಇವಲ್ಲದೆ ಘಟನಾ ವರದಿಗಳಿವೆ. ಗಂಭೀರ ಗಾಯ, ಸಾವು, ನಿವಾಸಿ ಹೇಳದೆ ಹೊರಟುಹೋಗುವುದು ಮುಂತಾದವನ್ನು ಮನೆ ನಡೆಸುವವರು ಏಳು ದಿನಗಳೊಳಗೆ ಬರವಣಿಗೆಯಲ್ಲಿ ಇಲಾಖೆಗೂ ನಿವಾಸಿಯ ಹೊಣೆ ಹೊತ್ತವರಿಗೂ ತಿಳಿಸಬೇಕು. ಅಪ್ಪ ಬಿದ್ದು ಆಸ್ಪತ್ರೆ ಸೇರಿದ್ದರೂ ಅಂಥ ವರದಿ ಹೋಗಿಲ್ಲ ಎಂದಾದರೆ ಅದೇ ಒಂದು ಉಲ್ಲಂಘನೆ. ಸಿಬ್ಬಂದಿಯನ್ನೂ ನಿವಾಸಿಗಳನ್ನೂ ಅಧಿಕಾರಿ ಪ್ರತ್ಯೇಕವಾಗಿ ಮಾತಾಡಿಸುತ್ತಾರೆ. ಕೆಲಸ ಬಿಟ್ಟುಹೋದ ಕೇರ್‌ಗಿವರ್‌ಗಳ ಹೆಸರು ನಿಮಗೆ ಗೊತ್ತಿದ್ದರೆ ಕೊಡಿ, ಏಕೆಂದರೆ ಅವರು ಹೆಚ್ಚು ನಿರ್ಭಯವಾಗಿ ಮಾತಾಡುತ್ತಾರೆ.

ಅಮ್ಮನಿಗೆ ಇಂಗ್ಲಿಷ್ ಬಾರದು, ಮರೆವೂ ಇದೆ. ಅವರ ಮಾತಿಗೆ ಬೆಲೆ ಇರುತ್ತದೆಯೇ?

ಇರುತ್ತದೆ, ಆದರೆ ಅದಕ್ಕಾಗಿ ನೀವು ಮುಂಚಿತವಾಗಿ ಕೇಳಿಕೊಳ್ಳಬೇಕು. ಇಂಗ್ಲಿಷ್ ಕಲಿತಿದ್ದವರೂ ಡಿಮೆನ್ಷಿಯಾ ಬಲಿತಂತೆ ಅದನ್ನು ಮರೆತು ಕನ್ನಡಕ್ಕೇ ಮರಳುವುದು ಸಾಮಾನ್ಯ. ಆಗ ‘ಸೊಂಟ ಹಿಡ್ಕೊಂಡಿದೆ’ ಎಂದರೂ ‘ಒಂದಕ್ಕೆ ಹೋಗಬೇಕು’ ಎಂದರೂ ಪಾಳಿಯಲ್ಲಿದ್ದವರಿಗೆ ಅರ್ಥವಾಗದೆ, ‘ರೋಗಿ ಕಿರುಚಾಡುತ್ತಾರೆ, ಸಹಕರಿಸುವುದಿಲ್ಲ’ ಎಂದು ದಾಖಲೆಯಲ್ಲಿ ಸೇರಿಬಿಡುತ್ತದೆ. ಅಮ್ಮನ ಭಾಷೆ ಕನ್ನಡ, ಕನ್ನಡ ದುಭಾಷಿ ಬೇಕು ಎಂದು ದೂರಿನ ಮೊದಲ ಸಾಲಿನಲ್ಲಿಯೇ ಬರೆಯಿರಿ. ಸರ್ಕಾರಿ ಇಲಾಖೆಯಿಂದ ಭಾಷಾ ನೆರವು ಕೇಳುವುದು ಹಕ್ಕು. ಹಿಂದಿ ಬಲ್ಲ ಕೇರ್‌ಗಿವರ್ ಒಬ್ಬರನ್ನು ದುಭಾಷಿಯಾಗಿ ಕೂರಿಸುವುದಕ್ಕೆ ಒಪ್ಪಬೇಡಿ. ಭಾಷೆ ಬೇರೆ ಎಂಬುದು ಹಾಗಿರಲಿ, ತನಿಖೆ ನಡೆಯುತ್ತಿರುವುದೇ ಆ ಮನೆಯವರ ಮೇಲೆ. ಮಗನೋ ಮಗಳೋ ದುಭಾಷಿಯಾಗುವುದೂ ಸರಿಯಲ್ಲ, ಏಕೆಂದರೆ ದೂರು ಕೊಟ್ಟವರೇ ಸಾಕ್ಷಿಯ ಬಾಯಿಯೂ ಆದರು ಎಂಬ ಆಕ್ಷೇಪಣೆಗೆ ಅದು ದಾರಿಮಾಡುತ್ತದೆ.

ನೆನಪು ಕುಂದಿದವರು ದಿನಾಂಕ ಹೇಳಲಾರರು. ಆದರೂ ಇಂಥ ಕೇರ್‌ಗಿವರ್ ಹತ್ತಿರ ಬಂದೊಡನೆ ಮುದುಡಿಕೊಳ್ಳುವುದು, ಸ್ನಾನವೆಂದರೆ ಅಳುವುದು ಮುಂತಾದ ಬದಲಾವಣೆಗಳನ್ನು ನೀವು ಹೇಳಬಹುದು.

ಬೆನ್ನಿನ ಕೆಳಗೆ ಹಾಸಿಗೆ ಹುಣ್ಣು ಆಗಿದೆ. ಇದು ವಯಸ್ಸಿನಿಂದ ಆಗುವಂಥದ್ದೇ ಎನ್ನುತ್ತಾರೆ. ನಿಜವೇ?

ವಯಸ್ಸಾದವರ ಚರ್ಮ ಬೇಗ ಒಡೆಯುತ್ತದೆ ಎಂಬುದು ನಿಜ. ಆದರೆ ಒಂದೇ ಭಾಗದ ಮೇಲೆ ಬಹಳ ಹೊತ್ತು ಭಾರ ಬೀಳುವುದರಿಂದ, ತೇವದಲ್ಲಿ ಇರುವುದರಿಂದ ಹುಣ್ಣಾಗುತ್ತದೆ. ಮಗ್ಗುಲು ಬದಲಿಸುವುದು, ಒಣಗಿಸುವುದು ಎರಡೂ ಕೈಗಳು ಬೇಕಾದ ಕೆಲಸ. ಹಾಗಾಗಿ ಹಾಸಿಗೆ ಹುಣ್ಣು ಹಲವೊಮ್ಮೆ ಸಿಬ್ಬಂದಿ ಕೊರತೆಯ ನೇರ ಗುರುತು. ಇಲ್ಲಿ ಕಾನೂನಿನ ಒಂದು ಮುಖ್ಯ ಅಂಶವಿದೆ: ಮೂರನೆಯ ಮತ್ತು ನಾಲ್ಕನೆಯ ಹಂತದ ಹುಣ್ಣು ಇರುವವರನ್ನು ಆರ್‌ಸಿಎಫ್‌ಇಯಲ್ಲಿ ಇರಿಸಿಕೊಳ್ಳುವುದನ್ನು ನಿಯಮ ನಿಷೇಧಿಸುತ್ತದೆ, ಹಾಸ್ಪೈಸ್ ಆರೈಕೆ (ಬದುಕಿನ ಕೊನೆಯ ಹಂತದ ಆರೈಕೆ) ಮತ್ತು ಇಲಾಖೆ ಒಪ್ಪಿದ ವಿನಾಯಿತಿಗಳನ್ನು ಬಿಟ್ಟರೆ ಅಂಥವರನ್ನು ಹೆಚ್ಚಿನ ವೈದ್ಯಕೀಯ ಆರೈಕೆ ಇರುವ ಕಡೆಗೆ ಕಳಿಸಬೇಕು. ಚರ್ಮದ ಅಡಿಯ ಕೊಬ್ಬು ಕಾಣುವಷ್ಟು ಆಳವಾದರೆ ಮೂರನೆಯ ಹಂತ, ಸ್ನಾಯು ಅಥವಾ ಎಲುಬು ಕಂಡರೆ ನಾಲ್ಕನೆಯದು. ಆಸ್ಪತ್ರೆಗೆ ಸೇರಿಸಿದ ದಿನವೇ ಹುಣ್ಣಿನ ಹಂತ, ಅಳತೆಗಳನ್ನು ಬರೆಸಿ, ಫೋಟೊ ತೆಗೆಸಿ ಇಟ್ಟುಕೊಳ್ಳಿ. ಅಷ್ಟು ಆಳದ ಹುಣ್ಣನ್ನು ಮನೆಯ ಸಿಬ್ಬಂದಿ ಯಾವಾಗ ಮೊದಲು ಕಂಡರು, ವೈದ್ಯರಿಗೆ ಯಾವಾಗ ತಿಳಿಸಿದರು ಎಂಬುದನ್ನು ತನಿಖೆ ಕೇಳಲೇಬೇಕು.

ಓಂಬಡ್ಸ್‌ಮನ್ ಎಂದರೆ ಯಾರು? ಅವರಿಗೂ ದೂರು ಕೊಡಬೇಕೇ?

ಅಮೆರಿಕದ ಪ್ರತಿಯೊಂದು ರಾಜ್ಯದಲ್ಲಿಯೂ ಹಿರಿಯರ ಕಾಯ್ದೆಯ ಅಡಿಯಲ್ಲಿ ನಡೆಯುವ, ನಿವಾಸಿಗಳ ಪರವಾಗಿ ನಿಲ್ಲುವ ವ್ಯವಸ್ಥೆ ಇದು. ಕ್ಯಾಲಿಫೋರ್ನಿಯಾದಲ್ಲಿ ಅದರ ತುರ್ತು ದೂರವಾಣಿ 1-800-231-4024. ಲೈಸೆನ್ಸಿಂಗ್ ಅಧಿಕಾರಿಯ ಕೆಲಸ ನಿಯಮ ಮುರಿಯಿತೇ ಎಂದು ನೋಡುವುದು. ಓಂಬಡ್ಸ್‌ಮನ್ ಕೆಲಸ ನಿವಾಸಿಗೆ ಬೇಕಾದದ್ದು ಆಗುವಂತೆ ಮಾಡುವುದು. ದಂಡ ಹಾಕುವ ಅಧಿಕಾರ ಅವರಿಗಿಲ್ಲ. ಆದರೂ ಸಸ್ಯಾಹಾರದ ತಟ್ಟೆಗೆ ಮೀನು ಬಡಿಸುವುದು, ಹೆಂಗಸರ ಸ್ನಾನಕ್ಕೆ ಗಂಡಸರನ್ನು ಕಳಿಸುವುದು ಮುಂತಾದವು ಇವರ ಮಧ್ಯಸ್ಥಿಕೆಯಿಂದ ಬೇಗ ಬಗೆಹರಿಯುತ್ತವೆ. ನಿವಾಸಿಯ ಒಪ್ಪಿಗೆ ಇಲ್ಲದೆ ಅವರು ಯಾವ ವಿಷಯವನ್ನೂ ಹೊರಗೆ ಹೇಳುವಂತಿಲ್ಲ. ಇಬ್ಬರಿಗೂ ದೂರು ಕೊಡುವುದರಲ್ಲಿ ತಪ್ಪೇನೂ ಇಲ್ಲ.

ಪೊಲೀಸರಿಗೆ ಹೇಳಬೇಕಾದದ್ದು ಯಾವಾಗ?

ಹೊಡೆತ, ಲೈಂಗಿಕ ದೌರ್ಜನ್ಯ, ಕಳ್ಳತನದ ಅನುಮಾನವಿದ್ದರೆ ತಕ್ಷಣ. ಜೀವಕ್ಕೆ ಅಪಾಯವಿದ್ದರೆ 911. ಇಂಥ ಮನೆಗಳ ಸಿಬ್ಬಂದಿಯೆಲ್ಲರೂ ಕಾನೂನಿನ ಪ್ರಕಾರ ದೌರ್ಜನ್ಯದ ಅನುಮಾನವನ್ನು ವರದಿ ಮಾಡಲೇಬೇಕಾದವರು. ‘ಮ್ಯಾನೇಜರ್‌ಗೆ ಹೇಳಿದ್ದೆ’ ಎಂಬುದು ಅವರ ಹೊಣೆಯನ್ನು ತೀರಿಸುವುದಿಲ್ಲ.

ಕೋಣೆಯಲ್ಲಿ ಕ್ಯಾಮೆರಾ ಇಡಬಹುದೇ?

ಯಾರಿಗೂ ಹೇಳದೆ ಇಡಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಮಾತುಕತೆಯ ಧ್ವನಿಯನ್ನು ಅದರಲ್ಲಿ ಭಾಗಿಯಾದ ಎಲ್ಲರ ಒಪ್ಪಿಗೆಯಿಲ್ಲದೆ ಮುದ್ರಿಸುವುದು ಅಪರಾಧ. ಕೋಣೆಯಲ್ಲಿ ಇನ್ನೊಬ್ಬ ನಿವಾಸಿ ಇದ್ದರೆ ಅವರ ಖಾಸಗಿತನದ ಪ್ರಶ್ನೆಯೂ ಇದೆ. ಆಡಳಿತದ ಬರವಣಿಗೆಯ ಒಪ್ಪಿಗೆ ಕೇಳಿ, ಧ್ವನಿ ಇಲ್ಲದ ವಿಡಿಯೊಗೆ ಮಾತ್ರ ಯೋಚಿಸಿ.

ವರದಿಯಲ್ಲಿ ‘ಅನ್‌ಸಬ್‌ಸ್ಟಾನ್ಶಿಯೇಟೆಡ್’ ಎಂದು ಬಂದಿದೆ. ನಮ್ಮ ದೂರು ಸುಳ್ಳೆಂದು ಅರ್ಥವೇ?

ಅಲ್ಲ. ಪ್ರತಿಯೊಂದು ಆರೋಪಕ್ಕೂ ಮೂರರಲ್ಲಿ ಒಂದು ತೀರ್ಮಾನ ಬರುತ್ತದೆ. ಸಾಕ್ಷ್ಯದ ತೂಕ ಆರೋಪದ ಕಡೆಗೆ ವಾಲಿದರೆ ‘ಸಬ್‌ಸ್ಟಾನ್ಶಿಯೇಟೆಡ್’. ಆರೋಪ ನಿಜವಿರಬಹುದು, ಆದರೆ ಅಷ್ಟು ಸಾಕ್ಷ್ಯ ಸಿಗಲಿಲ್ಲ ಎಂದಾದರೆ ‘ಅನ್‌ಸಬ್‌ಸ್ಟಾನ್ಶಿಯೇಟೆಡ್’. ಆರೋಪ ಸುಳ್ಳು, ಹಾಗಾಗಲು ಸಾಧ್ಯವೇ ಇರಲಿಲ್ಲ ಅಥವಾ ಅದಕ್ಕೆ ತಕ್ಕ ಆಧಾರವೇ ಇಲ್ಲ ಎಂದು ಕಂಡರೆ ಮಾತ್ರ ‘ಅನ್‌ಫೌಂಡೆಡ್’. ಸಿಬ್ಬಂದಿ ಕುರಿತ ದೂರು ಎರಡನೆಯ ತೀರ್ಮಾನಕ್ಕೆ ಬಂದು ನಿಲ್ಲುವುದು ಸುಲಭ, ಏಕೆಂದರೆ ಅಧಿಕಾರಿ ಹೋದ ದಿನ ಪಾಳಿ ತುಂಬಿರುತ್ತದೆ, ಹಳೆಯ ದಿನದ ಬಗ್ಗೆ ಎರಡು ಕಡೆಯವರೂ ಬೇರೆ ಬೇರೆ ಹೇಳುತ್ತಾರೆ. ದಿನಾಂಕ ಮತ್ತು ಹೊತ್ತುಗಳ ಬಗ್ಗೆ ಮೇಲೆ ಅಷ್ಟು ಒತ್ತಿ ಹೇಳಿದ್ದು ಇದಕ್ಕಾಗಿಯೇ.

ತೀರ್ಮಾನ ಒಪ್ಪಿಗೆಯಾಗದಿದ್ದರೆ ವರದಿಯನ್ನು ಓದಿ, ಯಾವ ದಾಖಲೆಯನ್ನು ನೋಡಿಲ್ಲ, ಯಾರನ್ನು ಮಾತಾಡಿಸಿಲ್ಲ ಎಂಬುದನ್ನು ಗುರುತಿಸಿ ಪ್ರಾದೇಶಿಕ ಕಚೇರಿಯ ಮೇಲಧಿಕಾರಿಗೆ ಬರೆಯಿರಿ. ಹೊಸ ಘಟನೆಗೆ ಹೊಸ ದೂರು ಕೊಡಬಹುದು.

ಸಾಬೀತಾದರೆ ಮನೆ ನಡೆಸುವವರಿಗೆ ಏನು ಶಿಕ್ಷೆ?

ಉಲ್ಲಂಘನೆಗಳಲ್ಲಿ ಎರಡು ಬಗೆ. ನಿವಾಸಿಯ ಆರೋಗ್ಯ, ಸುರಕ್ಷತೆಗೆ ತಕ್ಷಣದ ಅಪಾಯ ತರುವವು ‘ಟೈಪ್ ಎ’, ಸರಿಪಡಿಸದಿದ್ದರೆ ಅಪಾಯವಾಗಬಹುದಾದವು ‘ಟೈಪ್ ಬಿ’. ಎರಡಕ್ಕೂ ಇಂತಿಷ್ಟು ದಿನದೊಳಗೆ ಸರಿಪಡಿಸುವ ಯೋಜನೆ ಕೊಡಬೇಕು, ಕೊಡದಿದ್ದರೆ ದಂಡ. ಉಲ್ಲಂಘನೆಯಿಂದ ಗಂಭೀರ ಗಾಯವಾದರೆ 10,000 ಡಾಲರ್, ಸಾವು ಸಂಭವಿಸಿದರೆ 15,000 ಡಾಲರ್‌ವರೆಗೆ ದಂಡ ವಿಧಿಸಲು 2014ರ ಕಾನೂನು ಅವಕಾಶ ಕೊಟ್ಟಿತು. ಅದಕ್ಕೂ ಮೊದಲು ಸಾವಿಗೆ ಸಹ ದಂಡ 150 ಡಾಲರ್ ಮಾತ್ರ ಇತ್ತು. ಕೊನೆಯ ಅಸ್ತ್ರ ಲೈಸೆನ್ಸ್ ರದ್ದತಿ.

ಆ ಅಸ್ತ್ರವನ್ನು ಎಚ್ಚರಿಕೆಯಿಲ್ಲದೆ ಬಳಸಿದರೆ ಏನಾಗುತ್ತದೆ ಎಂಬುದನ್ನು 2013ರ ಅಕ್ಟೋಬರ್‌ನಲ್ಲಿ ಕ್ಯಾಸ್ಟ್ರೊ ವ್ಯಾಲಿಯ ವ್ಯಾಲಿ ಸ್ಪ್ರಿಂಗ್ಸ್ ಮ್ಯಾನರ್ ಎಂಬ ಹಿರಿಯರ ಮನೆ ತೋರಿಸಿತು. ಅದನ್ನು ಮುಚ್ಚಲು ರಾಜ್ಯ ಆದೇಶಿಸಿದ ಮೇಲೆ ಸಿಬ್ಬಂದಿ ಒಬ್ಬೊಬ್ಬರಾಗಿ ಹೊರಟುಹೋದರು. ಹತ್ತಕ್ಕೂ ಹೆಚ್ಚು ಹಿರಿಯರು ಒಳಗೇ ಉಳಿದರು. ಅಡುಗೆಯವರೊಬ್ಬರು, ಸ್ವಚ್ಛತೆಯ ಕೆಲಸದವರೊಬ್ಬರು ಮಾತ್ರ ಸಂಬಳದ ಭರವಸೆಯಿಲ್ಲದೆ ಅವರಿಗೆ ಉಣಿಸಿ, ಸ್ನಾನ ಮಾಡಿಸಿ, ಮಾತ್ರೆ ಕೊಟ್ಟು, ಅಗ್ನಿಶಾಮಕ ದಳ ಮತ್ತು ಶೆರಿಫ್ ಸಿಬ್ಬಂದಿ ಬರುವವರೆಗೆ ದಿನಗಟ್ಟಲೆ ನೋಡಿಕೊಂಡರು. ಮರುವರ್ಷ ಆರ್‌ಸಿಎಫ್‌ಇ ಸುಧಾರಣಾ ಕಾನೂನುಗಳ ಸರಣಿಯೇ ಬಂದುದಕ್ಕೆ ಈ ಪ್ರಕರಣ ಒಂದು ಮುಖ್ಯ ಕಾರಣ. ವೆಚ್ಚ ಕಡಿತದಿಂದ 2003ರ ನಂತರ ಐದು ವರ್ಷಗಳಿಗೊಮ್ಮೆ ಎಂಬಷ್ಟಕ್ಕೆ ಇಳಿದಿದ್ದ ಕಡ್ಡಾಯ ತಪಾಸಣೆ ಹಂತ ಹಂತವಾಗಿ 2019ರಿಂದ ಮತ್ತೆ ವರ್ಷಕ್ಕೊಮ್ಮೆ ಆಯಿತು.

ದೂರು ಕೊಟ್ಟದ್ದಕ್ಕೆ ಅಪ್ಪನನ್ನು ಹೊರಗೆ ಕಳಿಸಿದರೆ?

ದೂರು ಕೊಟ್ಟ ಕಾರಣಕ್ಕೆ ಯಾವುದೇ ಬಗೆಯ ಸೇಡು ತೀರಿಸಿಕೊಳ್ಳುವುದನ್ನು, ಹೊರಹಾಕುವ ಬೆದರಿಕೆಯನ್ನೂ ಸೇರಿಸಿ, ಕಾನೂನು ನಿಷೇಧಿಸಿದೆ. ನಿವಾಸಿಯನ್ನು ಹೊರಗೆ ಕಳಿಸಬೇಕಾದರೆ ಕಾನೂನು ಪಟ್ಟಿಮಾಡಿರುವ ಕಾರಣಗಳಲ್ಲಿ ಒಂದಿರಬೇಕು, ಸಾಮಾನ್ಯವಾಗಿ 30 ದಿನಗಳ ಬರವಣಿಗೆಯ ನೋಟಿಸು ಕೊಡಬೇಕು, ಅದರಲ್ಲಿ ಕಾರಣವನ್ನು ದಿನಾಂಕ, ಸ್ಥಳಗಳೊಂದಿಗೆ ವಿವರಿಸಿರಬೇಕು. ನೋಟಿಸು ಬಂದೊಡನೆ ಅದರ ಪ್ರತಿಯನ್ನು ಲೈಸೆನ್ಸಿಂಗ್‌ಗೂ ಓಂಬಡ್ಸ್‌ಮನ್‌ಗೂ ಕಳಿಸಿ. ‘ಇನ್ನು ನಮ್ಮಿಂದ ನೋಡಿಕೊಳ್ಳಲಾಗದು, ನಾಳೆಯೇ ಕರೆದುಕೊಂಡು ಹೋಗಿ’ ಎಂಬ ಬಾಯಿಮಾತಿಗೆ ಬೆದರಿ ಸಾಮಾನು ಕಟ್ಟಬೇಡಿ. ಆಸ್ಪತ್ರೆಯಿಂದ ಮರಳುವಾಗ ಸೇರಿಸಿಕೊಳ್ಳುವುದಿಲ್ಲ ಎನ್ನುವುದೂ ನೋಟಿಸಿಲ್ಲದೆ ಹೊರಹಾಕುವ ಒಂದು ಉಪಾಯವೇ.

ಒಂದು ಮನೆಯ ಹಳೆಯ ದೂರುಗಳನ್ನು ಸೇರಿಸುವ ಮೊದಲೇ ನೋಡಬಹುದೇ?

ನೋಡಬಹುದು. ಇಲಾಖೆಯ ವೆಬ್‌ಸೈಟ್‌ನಲ್ಲಿ ಮನೆಯ ಹೆಸರು ಅಥವಾ ಲೈಸೆನ್ಸ್ ಸಂಖ್ಯೆ ಕೊಟ್ಟರೆ ತಪಾಸಣೆ ಮತ್ತು ದೂರಿನ ವರದಿಗಳು ಸಿಗುತ್ತವೆ. ಎಷ್ಟು ದೂರು ಎಂದು ಎಣಿಸುವುದಕ್ಕಿಂತ ಒಂದೇ ಬಗೆಯ ಲೋಪ ಮರುಕಳಿಸಿದೆಯೇ, ಅಡ್ಮಿನಿಸ್ಟ್ರೇಟರ್ ಎಷ್ಟು ಬಾರಿ ಬದಲಾಗಿದ್ದಾರೆ ಎಂದು ನೋಡಿ. ನೂರಿಪ್ಪತ್ತು ಹಾಸಿಗೆಯ ಕಡೆ ನಾಲ್ಕು ದೂರುಗಳಿರುವುದು ಆರು ಹಾಸಿಗೆಯ ಮನೆಯಲ್ಲಿ ನಾಲ್ಕಿರುವುದಕ್ಕೆ ಸಮವಲ್ಲ.

ಈ ತನಿಖೆಯಿಂದ ನಮಗೆ ಪರಿಹಾರದ ಹಣ ಸಿಗುತ್ತದೆಯೇ?

ಇಲ್ಲ. ದಂಡ ಹೋಗುವುದು ರಾಜ್ಯಕ್ಕೆ. ನಿರ್ಲಕ್ಷ್ಯದಿಂದ ಆದ ಹಾನಿಗೆ ಪರಿಹಾರ ಬೇಕಾದರೆ ಸಿವಿಲ್ ದಾವೆಯೇ ದಾರಿ. ಹಿರಿಯರ ಮೇಲಿನ ದೌರ್ಜನ್ಯ, ನಿರ್ಲಕ್ಷ್ಯಗಳಿಗೆ ಕ್ಯಾಲಿಫೋರ್ನಿಯಾದಲ್ಲಿ ಪ್ರತ್ಯೇಕ ಕಾಯ್ದೆ ಇದೆ, ದಾವೆ ಹೂಡಲು ಕಾಲಮಿತಿಯೂ ಇದೆ. ಲೈಸೆನ್ಸಿಂಗ್ ವರದಿ ಬರಲಿ ಎಂದು ಕಾಯುತ್ತ ಆ ಕಾಲಮಿತಿಯನ್ನು ದಾಟಿಸಿಕೊಳ್ಳಬಾರದು. ಸೇರಿಸುವಾಗ ಸಹಿ ಮಾಡಿದ ಒಪ್ಪಂದದಲ್ಲಿ ಆರ್ಬಿಟ್ರೇಷನ್ ಷರತ್ತು (ವ್ಯಾಜ್ಯವನ್ನು ಕೋರ್ಟಿನ ಬದಲು ಖಾಸಗಿ ಪಂಚರ ಮುಂದೆ ತೀರ್ಮಾನಿಸಿಕೊಳ್ಳಬೇಕೆಂಬುದು) ಇದ್ದರೆ ಕೋರ್ಟಿಗೆ ಹೋಗುವ ಹಕ್ಕಿಗೆ ಅದು ಅಡ್ಡ ಬರಬಹುದು. ವಕೀಲರನ್ನು ಕಾಣುವಾಗ ಆ ಒಪ್ಪಂದದ ಎಲ್ಲ ಪುಟಗಳನ್ನೂ ತೆಗೆದುಕೊಂಡು ಹೋಗಿ. 1983ರಿಂದ ಕೆಲಸ ಮಾಡುತ್ತಿರುವ ಕ್ಯಾಲಿಫೋರ್ನಿಯಾ ಅಡ್ವೊಕೇಟ್ಸ್ ಫಾರ್ ನರ್ಸಿಂಗ್ ಹೋಮ್ ರಿಫಾರ್ಮ್ ಎಂಬ ಸಂಸ್ಥೆ ಆರ್‌ಸಿಎಫ್‌ಇಗಳ ಬಗ್ಗೆಯೂ ಸಲಹೆ ಕೊಡುತ್ತದೆ, ಈ ಕ್ಷೇತ್ರ ಬಲ್ಲ ವಕೀಲರನ್ನೂ ಸೂಚಿಸುತ್ತದೆ.